ಹಾಲು ಸಮಜಾತೀಯವಲ್ಲ

“ಹಾಲು ಸಮಜಾತೀಯ ಮಿಶ್ರಣ ಅಲ್ಲ! ಯಾರ್ರೀ ಇದನ್ನ ಬರೆದಿದ್ದು?”

ಕೊಪ್ಪದ ಆ ತರಬೇತಿ ಕೋಣೆಯಲ್ಲಿದ್ದ ಮೇಷ್ಟ್ರು, ಮೇಡಂಗಳೆಲ್ಲ ಒಮ್ಮೆಗೇ ಗಪ್‌ಚಿಪ್ ಆದರು. ಕೈಯಲ್ಲಿ ನಾಟಕದ ಪ್ರತಿ ಹಿಡಿದು ಎದ್ದು ನಿಂತವಳು ಅರ್ಪಿತಾ. ಶೃಂಗೇರಿ ಕಡೆಯ ಒಂದು ಹೈಸ್ಕೂಲಿನ ವಿಜ್ಞಾನ ಟೀಚರ್. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರೂ ಕಡೆಯ ಶಾಲೆಗಳಿಗೆ ಸೇರಿಸಿ ವಿಜ್ಞಾನ ನಾಟಕ ಸ್ಪರ್ಧೆ ಇತ್ತು. ವಿಷಯ, ಮಿಶ್ರಣಗಳು. ಬಂದ ನಾಟಕಗಳಲ್ಲಿ ವಿಜ್ಞಾನ ಸರಿಯಿದೆಯೋ ಇಲ್ಲವೋ ನೋಡುವ ಕೆಲಸ ಅವಳ ತಲೆಗೆ ಬಿದ್ದಿತ್ತು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಇಸ್ತ್ರಿ ಕಾಣದ ಜುಬ್ಬಾ, ಬೇಕೋ ಬೇಡವೋ ಎನ್ನುವಂಥ ಗಡ್ಡ.

“ನಾನೇ ಮಾರಾಯ್ರೆ. ಶಿವಕಿರಣ ಅಂತ, ಹಿರೇಕೊಡಿಗೆ ಕಡೆ ಸ್ಕೂಲಲ್ಲಿ ಕನ್ನಡ ಮೇಷ್ಟ್ರು. ಹಾಲಿಗೆ ಎಂತ ಆಯ್ತು? ಒಂದೇ ಬಣ್ಣ, ಒಂದೇ ರುಚಿ. ಮೇಲಿನ ಗುಟುಕೂ ಅದೇ, ಕೆಳಗಿನ ಗುಟುಕೂ ಅದೇ. ಸಮಜಾತೀಯ ಅಲ್ದೆ ಮತ್ತೆಂತದು?”

ಕನ್ನಡ ಮೇಷ್ಟ್ರಿಗೆ ಎಷ್ಟು ಧೈರ್ಯ! ಅರ್ಪಿತಾ ಕಿಟಕಿಯ ಪರದೆ ಎಳೆದಳು. ಎರಡು ಗಾಜಿನ ಲೋಟದಲ್ಲಿ ನೀರು ತರಿಸಿದಳು. ಒಂದಕ್ಕೆ ಸಕ್ಕರೆ ಹಾಕಿ ಕದಡಿದಳು, ಇನ್ನೊಂದಕ್ಕೆ ನಾಲ್ಕು ತೊಟ್ಟು ಹಾಲು. ಫೋನಿನ ಟಾರ್ಚ್ ಹೊತ್ತಿಸಿದಳು.

“ಸಕ್ಕರೆ ಪೂರ್ತಿ ಕರಗಿದೆ. ಇದು ದ್ರಾವಣ, ಸಮಜಾತೀಯ. ಬೆಳಕು ಆಚೆ ಹೋಯ್ತು... ಹೋದ ದಾರಿ ಕಾಣಿಸ್ತಾ?”

“ಇಲ್ಲ.”

“ಈಗ ಹಾಲಿಂದು ನೋಡಿ.”

ಲೋಟದೊಳಗೆ ಬೆಳಕು ಒಂದು ಬಿಳಿ ಕೋಲಿನ ಹಾಗೆ ಸ್ಪಷ್ಟವಾಗಿ ಕಂಡಿತು. ಶಿವಕಿರಣ ಮೂಗು ಲೋಟಕ್ಕೆ ತಾಗುವಷ್ಟು ಬಗ್ಗಿದ.

“ಹಾಲಿನೊಳಗೆ ಕೊಬ್ಬಿನ ಕಣಗಳು ಕರಗದೆ, ಬೇರೆಯಾಗೇ ಇರ್ತವೆ. ಕಣ್ಣಿಗೆ ಕಾಣಲ್ಲ, ಬೆಳಕಿಗೆ ಸಿಗ್ತವೆ. ಇದು ಕಲಿಲ. ಭಿನ್ನಜಾತೀಯ ಮಿಶ್ರಣದಲ್ಲೇ ಒಂದು ಬಗೆ.”

“ಕೆಸರು ನೀರಿನ ಹಾಗಾ?”

“ಅಲ್ಲ. ಕೆಸರು ನಿಲಂಬನ. ಬಿಟ್ಟರೆ ತಳಕ್ಕೆ ಕೂರತ್ತೆ. ಹಾಲಿನ ಕಣ ಹಾಗೆ ತಳ ಸೇರಲ್ಲ.”

“ಸಮಜಾತೀಯ, ಭಿನ್ನಜಾತೀಯ...” ಅವನು ನಕ್ಕ. “ನಿಮ್ಮ ಕೆಮಿಸ್ಟ್ರಿಗೂ ಜಾತಿ ಬಿಡ್ಲಿಲ್ಲ ನೋಡಿ!”

ಕೋಣೆಯೆಲ್ಲ ನಕ್ಕಿತು. ಅರ್ಪಿತಾ ಮಾತ್ರ ನಗಲಿಲ್ಲ. ಅಷ್ಟು ಜನರಲ್ಲಿ ಅದನ್ನು ಗಮನಿಸಿದ್ದು ಅವನೊಬ್ಬನೇ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿಕೊಂಡು ಬಂದ. “ಮೇಡಂ, ನಾನೆಂತಾದ್ರೂ ತಪ್ಪು ಮಾತಾಡಿದ್ನಾ?”

ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅಷ್ಟಕ್ಕೇ ಕರಗಿಬಿಟ್ಟಳು ನಮ್ಮ ವಿಜ್ಞಾನದ ಟೀಚರ್!

ನಾಟಕ ತಿದ್ದುವ ನೆಪ ಸಿಕ್ಕಿತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಕೊಪ್ಪದ ಒಂದು ಹೋಟೆಲಿನ ಮೂಲೆಯ ಟೇಬಲ್, ಎರಡು ಬನ್ಸ್, ಎರಡು ಕಾಫಿ. ತಿದ್ದಿದ್ದು ಕಡಿಮೆ, ಮಾತಾಡಿದ್ದೇ ಹೆಚ್ಚು. ‘ನೀವು’ ಹೋಗಿ ‘ನೀನು’ ಆಯಿತು.

ಅಂಥದೊಂದು ಶನಿವಾರ ಅವಳು ಬಾಯಿಬಿಟ್ಟಳು.

ಅವಳ ಅಮ್ಮ ಶಾರದಾಂಬ ಶೃಂಗೇರಿ ಕಡೆಯ ವೈದಿಕರ ಮನೆಯವರು. ಅಪ್ಪ ಕೃಷ್ಣಪ್ಪ ಎನ್.ಆರ್. ಪುರದಲ್ಲಿ ಗದ್ದೆ ಮಾಡುವವರು. ಇಬ್ಬರೂ ಮೆಚ್ಚಿ ಮದುವೆಯಾದದ್ದು. ಅರ್ಪಿತಾ ಚಿಕ್ಕವಳಿದ್ದಾಗ ಅಮ್ಮನ ತವರಿನಲ್ಲಿ ಯಾರದೋ ಉಪನಯನ. ಅಪ್ಪನಿಗೆ ಕರೆಯಿಲ್ಲ. ಅಮ್ಮ, ಮಗಳು ಮಾತ್ರ ಹೋದರು. ಊಟಕ್ಕೆ ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸಿಕೊಳ್ಳುತ್ತಿದ್ದ ಅವಳನ್ನು ದೊಡ್ಡತ್ತೆಯೊಬ್ಬರು ತೋಳು ಹಿಡಿದು ಎಬ್ಬಿಸಿದರು.

“ಈ ಕೂಸಿನ ಎಂತಕೆ ಇಲ್ಲಿ ಕೂರ್ಸಿದ್ದು? ಇದು ಬೆರಕೆ. ಎಲೆ ಹೊರಗೆ ಹಾಕಿ.”

ಬಚ್ಚಲಮನೆಯ ಹಿಂದೆ ಎಲೆ ಹಾಕಿದರು. ಅನ್ನ ಬಂತು, ಸಾರು ಬಂತು. ಹೋಳಿಗೆ ಅಲ್ಲಿಯವರೆಗೆ ಬರಲೇ ಇಲ್ಲ. ಅಮ್ಮ ಪಕ್ಕದಲ್ಲಿ ಕೂತು, ಉಣ್ಣದೆ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

“ಮನೆಗೆ ಬಂದ ಕೂಡ್ಲೇ ಅಪ್ಪ ಕೇಳಿದ್ರು, ಊಟ ಹೆಂಗಿತ್ತು ಮಗ ಅಂತ. ನಾನು... ‘ನಂಗೆ ಎರಡು ಹೋಳಿಗೆ ಕೊಟ್ರು ಅಪ್ಪ’ ಅಂದೆ.” ಅವಳ ದನಿ ನಡುಗಿತು. “ಅಪ್ಪ ಎಷ್ಟು ಖುಷಿಪಟ್ರು ಗೊತ್ತಾ... ಅಮ್ಮ ಹೋದ್ಮೇಲೆ ಈ ವಿಷ್ಯ ಗೊತ್ತಿರೋದು ನಂಗೊಬ್ಬಳಿಗೇ. ಈಗ ನಿಂಗೆ. ಯಾರಿಗೂ ಹೇಳ್ಬೇಡ.”

“ಇಲ್ಲ,” ಎಂದ ಶಿವಕಿರಣ. ಅವನ ಕಣ್ಣಲ್ಲೂ ನೀರಿತ್ತು.

ಆ ಕಣ್ಣೀರು ಸುಳ್ಳಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಅವನನ್ನು ಬೈಯುವುದು ಇದ್ದೇ ಇದೆ.

ಸ್ಪರ್ಧೆಯ ದಿನ ಅರ್ಪಿತಾ ಅಪ್ಪನನ್ನೂ ಕರೆದುಕೊಂಡು ಕೊಪ್ಪಕ್ಕೆ ಬಂದಳು. ಬಾಯಲ್ಲಿ, “ಮಕ್ಕಳ ನಾಟಕ ಚೆನ್ನಾಗಿರತ್ತೆ ಅಪ್ಪ.” ಮನಸ್ಸಿನಲ್ಲಿ, ‘ನಾಟಕ ಬರೆದವರನ್ನೂ ನೋಡಿ ಅಪ್ಪ...’

ಕೃಷ್ಣಪ್ಪನವರಿಗೆ ಅಷ್ಟೂ ಅರ್ಥವಾಗಿತ್ತು. ಹೊಸ ಬಿಳಿ ಪಂಚೆ ಉಟ್ಟು ಬಂದಿದ್ದರು.

ಪರದೆ ಸರಿಯಿತು. ಮಿಶ್ರಣಗಳ ಮನೆಯಲ್ಲಿ ಮದುವೆ ಊಟ. ಸಕ್ಕರೆನೀರಜ್ಜಿ, ಉಪ್ಪುನೀರಣ್ಣ ಪಂಕ್ತಿಯಲ್ಲಿ ಕೂತಿದ್ದಾರೆ. ಬಿಳಿ ಲಂಗ ತೊಟ್ಟ ಹಾಲಿನ ಪಾತ್ರದ ಹುಡುಗಿ ಬಂದು ಪಕ್ಕದಲ್ಲಿ ಕೂತಳು. ಸಕ್ಕರೆನೀರಜ್ಜಿ ಅವಳ ಮೇಲೆ ಟಾರ್ಚ್ ಬಿಟ್ಟಳು.

“ಈ ಕೂಸು ಬೆರಕೆ! ಎಲೆ ಹೊರಗೆ ಹಾಕಿ!”

ಸಭೆ ಹೋ ಎಂದು ನಕ್ಕಿತು. ಅರ್ಪಿತಾ ಕೂತಲ್ಲೇ ಮುಂದಕ್ಕೆ ಬಾಗಿದಳು.

‘ಇಲ್ಲ... ಬೇಡ... ಇಷ್ಟಕ್ಕೇ ನಿಲ್ಲಿಸು ಶಿವು...’

ನಿಲ್ಲಲಿಲ್ಲ. ಹಾಲು ಮನೆಗೆ ಹೋಯಿತು. ರಟ್ಟಿನ ಕೋಡು ಕಟ್ಟಿಕೊಂಡ ಗೂಳಿಯಪ್ಪ ಎದುರು ಬಂದು, “ಊಟ ಹೆಂಗಿತ್ತು ಮಗ?” ಎಂದ. ಕೋಡು ಒಂದು ಕಡೆ ಜಾರಿತು. ಜನ ಬಿದ್ದು ಬಿದ್ದು ನಕ್ಕರು. ಆ ನಗುವಿನ ನಡುವೆ ಹುಡುಗಿ ಹೇಳಿದಳು.

“ನಂಗೆ ಎರಡು ಹೋಳಿಗೆ ಕೊಟ್ರು ಅಪ್ಪ!”

ಪಕ್ಕದಲ್ಲಿ ಕೃಷ್ಣಪ್ಪನವರ ನಗು ಅರ್ಧಕ್ಕೇ ನಿಂತಿತು. ನಿಧಾನವಾಗಿ ಮಗಳ ಕಡೆ ತಿರುಗಿದರು.

“ಮಗ... ಇದು ಆವತ್ತು ನೀನು...”

ಅರ್ಪಿತಾಗೆ ಅಪ್ಪನ ಮುಖ ನೋಡುವ ಧೈರ್ಯ ಬರಲಿಲ್ಲ. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಮೈಕಿನಲ್ಲಿ ಹೇಳಿಸಿಬಿಟ್ಟಿದ್ದ... ಅದೂ ನಗಿಸುವುದಕ್ಕೆ!

ವೇದಿಕೆಯ ಹಿಂದೆ ಶಿವಕಿರಣ ಮಕ್ಕಳ ನಡುವೆ ಕುಣಿಯುವುದೊಂದು ಬಾಕಿ.

“ಅರ್ಪಿತಾ! ಜಿಲ್ಲೆಗೆ ಆಯ್ಕೆ ಆಯ್ತು! ಆ ಹೋಳಿಗೆ ಸೀನಿಗೆ ತೀರ್ಪುಗಾರರೇ ಕಣ್ಣು ಒರೆಸ್ಕೊಂಡ್ರಂತೆ. ಹೆಂಗಿತ್ತು?”

“ಯಾರಿಗೂ ಹೇಳಲ್ಲ ಅಂದಿದ್ದೆ.”

ಅವನ ಮುಖದ ನಗು ಆರಿತು. “ಅಲ್ಲ... ನಾನು ಹೆಸರು ಹಾಕಿಲ್ಲ ಮಾರಾಯ್ತಿ. ಹಾಲಿನ ಕಥೆ ಅಂತ ಮಾಡಿದ್ದು. ಯಾರಿಗೆ ಗೊತ್ತಾಗತ್ತೆ?”

“ನಮ್ಮಪ್ಪ ನನ್ನ ಪಕ್ಕದಲ್ಲೇ ಕೂತಿದ್ರು.”

“ಅರ್ಪಿತಾ, ನಂಗೆ...”

“ನಮ್ಮತ್ತೆ ನನ್ನನ್ನ ಎಬ್ಬಿಸಿದಾಗ ಅವರು ಯಾರೋ, ನಾನ್ಯಾರೋ. ನೀನು? ನಿನ್ನ ಹತ್ರ ನಾನೇ ಬಂದು ಕೂತಿದ್ದೆ ಕಣೋ... ನಂಬಿ ಕೂತಿದ್ದೆ!”

ತಿರುಗಿ ನೋಡದೆ ಹೊರಟಳು. ಎನ್.ಆರ್. ಪುರದ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ, ಮಗಳು ಈ ಕಡೆ. ಫೋನು ಬ್ಯಾಗಿನೊಳಗೆ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

‘ಹಾಲಿನ ಪರೀಕ್ಷೆ ಗೊತ್ತಿತ್ತು ನನಗೆ. ಮನುಷ್ಯರ ಪರೀಕ್ಷೆ ಮಾಡೋಕೆ ಬರ್ಲಿಲ್ಲ...’

ಬೆಳಿಗ್ಗೆ ಕೃಷ್ಣಪ್ಪ ತಾವೇ ಕಾಫಿ ಮಾಡಿ ತಂದು ಅವಳ ಮುಂದಿಟ್ಟರು.

“ನಂಗೆ ಆವತ್ತೇ ಗೊತ್ತಿತ್ತು ಮಗ.”

ಅವಳು ತಲೆ ಎತ್ತಿದಳು.

“ಎರಡು ಹೋಳಿಗೆ ತಿಂದ ಮಗು ಬಂದ ಕೂಡ್ಲೇ ಅಡುಗೆಮನೆಗೆ ಓಡಿ ತಂಗಳನ್ನ ಹಾಕ್ಕೊಳ್ಳತ್ತಾ? ನನ್ ಸಲುವಾಗಿ ಸುಳ್ಳು ಹೇಳ್ದೆ ಅಂತ ಗೊತ್ತಾಯ್ತು. ನಿನ್ ಸಲುವಾಗಿ ನಾನು ನಂಬಿದೆ.”

“ಅಪ್ಪಾ...!”

ಅವರ ಮಡಿಲಲ್ಲಿ ಮುಖ ಇಟ್ಟು ಅತ್ತಳು. ಆ ಊಟದ ದಿನ ಅಳದೆ ಉಳಿಸಿಕೊಂಡದ್ದೂ ಸೇರಿ ಹೊರಬಂತು. ಅವರು ತಲೆ ಸವರುತ್ತಾ ಕೂತರು.

“ಹಂಗಾದ್ರೆ... ನಾಟಕ ಬರೆದವ್ರದ್ದು ತಪ್ಪಿಲ್ಲ ಅಂತೀರಾ?”

“ತಪ್ಪೇ,” ಎಂದರು ಕೃಷ್ಣಪ್ಪ ಖಂಡಿತವಾಗಿ. “ನಂಗೆ ಗೊತ್ತಿತ್ತು ಅನ್ನೋದು ಅವಂಗೆ ಗೊತ್ತಿತ್ತಾ?”

ವಾರ ಕಳೆಯುವುದರೊಳಗೆ, ಜಿಲ್ಲಾ ಸ್ಪರ್ಧೆಗೆಂದು ಬದಲಿಸಿದ ನಾಟಕ ಪರಿಶೀಲನೆಗೆ ಅವಳಿಗೇ ಬಂತು. ಕಳಿಸಿದವರು ಶಿವಕಿರಣನ ಶಾಲೆಯ ಡ್ರಾಯಿಂಗ್ ಟೀಚರ್ ರೇಖಾ. ಜೊತೆಗೆ ಫೋನೂ ಮಾಡಿದರು.

“ಮೇಡಂ, ಹೋಳಿಗೆ ಸೀನ್ ತೆಗ್ದುಬಿಟ್ಟಿದಾರೆ! ಅದು ಹೋದ್ರೆ ನಾಟಕ ಬಿತ್ತು ಅಂತ ಎಲ್ಲ ಹೇಳಿದ್ವಿ. ‘ಅದು ನಂದಲ್ಲ’ ಅಂದ್ರು, ಅಷ್ಟೇ. ಬೇರೆ ಎಂತ ಕೇಳಿದ್ರೂ ಬಾಯಿ ಬಿಡ್ತಾ ಇಲ್ಲ.”

ಅರ್ಪಿತಾ ಫೋನಿಟ್ಟು ಕೊನೆಯ ಪುಟಕ್ಕೆ ಬಂದಳು. ಅಲ್ಲಿ ಎಲ್ಲ ಪಾತ್ರಗಳೂ ಕೈ ಕೈ ಹಿಡಿದು ಹಾಡುತ್ತಿದ್ದವು... ‘ಹಾಲೂ ಸಮಜಾತೀಯವೇ, ನಾವೆಲ್ಲ ಒಂದೇ!’

ಮೈ ಉರಿದುಹೋಯಿತು. ನನಗೆ ದ್ರೋಹ ಮಾಡಿದ್ದು ಸಾಲದು ಅಂತ ವಿಜ್ಞಾನಕ್ಕೂ?!

ಮಾರನೆಯ ದಿನವೇ ಹಿರೇಕೊಡಿಗೆಯ ಬಸ್ಸು ಹತ್ತಿದಳು. ಶಾಲೆಯ ಕೋಣೆಯಲ್ಲಿ ತಾಲೀಮು ನಡೆದಿತ್ತು. ಬಾಗಿಲಲ್ಲಿ ಅವಳನ್ನು ಕಂಡು ಶಿವಕಿರಣನ ಕೈಯಿಂದ ಹಾಳೆಗಳು ಜಾರಿದವು.

“ಹಾಲು ಸಮಜಾತೀಯ ಅಲ್ಲ. ಎಷ್ಟು ಸಲ ಹೇಳ್ಬೇಕು?”

“ಗೊತ್ತು,” ಎಂದ ಸಣ್ಣ ದನಿಯಲ್ಲಿ. “ಆದ್ರೆ ಬೆರಕೆ ಅಂದಾಗ ಹಾಲು ಎಂತ ಹೇಳ್ಬೇಕು ಅಂತ ಮಕ್ಕಳು ಕೇಳ್ತಾರೆ. ನಂಗೆ ಉತ್ತರ ಗೊತ್ತಿಲ್ಲ.”

ಮಕ್ಕಳನ್ನು ನೀರು ಕುಡಿಯಲು ಕಳಿಸಿ, ಅವಳ ಎದುರು ನಿಂತ.

“ಸಮಜಾಯಿಷಿ ಕೊಡಲ್ಲ ಅರ್ಪಿತಾ. ಆವತ್ತು ಹೋಟೆಲಲ್ಲಿ ನೀನು ಹೇಳ್ತಾ ಇರುವಾಗ ನಂಗೆ ಅಳು ಬಂದಿದ್ದು ನಿಜ. ಅದೇ ಹೊತ್ತಿಗೆ, ಅಲ್ಲೇ ಕೂತು, ಮನಸ್ಸಲ್ಲಿ ಸೀನ್ ಬರೀತಾ ಇದ್ದದ್ದೂ ನಿಜ. ಎಷ್ಟು ಒಳ್ಳೆ ಮಾತು ಸಿಕ್ತು ಅಂದ್ಕೊಂಡೆ. ಯಾರದ್ದು ಅನ್ನೋದನ್ನೇ ಮರ್ತೆ.”

ಅವಳ ಎದೆಗೆ ಮತ್ತೊಮ್ಮೆ ಚುಚ್ಚಿತು. ‘ಗೊತ್ತಾಗಲಿಲ್ಲ’ ಎಂದು ಸುಳ್ಳು ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ಆದರೆ ಆಗ ಅವಳು ಮುಂದಿನ ಬಸ್ಸಿಗೇ ಹೊರಟುಬಿಡುತ್ತಿದ್ದಳು.

“ಕಿಟಕಿ ಹಾಕು,” ಎಂದಳು.

ಮಕ್ಕಳು ಬಂದರು. ಮತ್ತೆ ಎರಡು ಲೋಟ. ಒಂದರಲ್ಲಿ ಸಕ್ಕರೆ ನೀರು, ಒಂದರಲ್ಲಿ ನಾಲ್ಕು ತೊಟ್ಟು ಹಾಲು. ಸಕ್ಕರೆನೀರಜ್ಜಿಯ ಪಾತ್ರದ ಹುಡುಗಿ ಟಾರ್ಚ್ ಬಿಟ್ಟು “ಬೆರಕೆ!” ಎಂದಳು.

ಬಿಳಿ ಲಂಗದ ಹುಡುಗಿ ಟೀಚರ್ ಮುಖ ನೋಡಿದಳು. ಅರ್ಪಿತಾ ಅವಳ ಹಿಂದೆ ನಿಂತು, ಹೆಗಲ ಮೇಲೆ ಕೈಯಿಟ್ಟು ಹೇಳಿಕೊಟ್ಟಳು. ಹೇಳುವಾಗ ದನಿ ನಡುಗಲಿಲ್ಲ.

“ಹೌದಜ್ಜಿ, ನಾನು ಬೆರಕೆಯೇ. ಅದಕ್ಕೇ ಬೆಳಕು ಬಂದ ದಾರಿ ನನ್ನೊಳಗೆ ಕಂಡದ್ದು. ನಿಮ್ಮೊಳಗೂ ಹಾದು ಹೋಯ್ತಲ್ಲ... ಯಾರಿಗಾದ್ರೂ ಕಾಣಿಸ್ತಾ?”

ಕೋಣೆಯಲ್ಲಿ ಯಾರೂ ನಗಲಿಲ್ಲ. ಶಿವಕಿರಣ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

“ಇದನ್ನ ಬರ್ಕೊಳ್ಲಾ?” ಎಂದು ಕೇಳಿದ. ಮೊದಲ ಸಲ ಕೇಳಿದ್ದ!

“ಬರ್ಕೋ.”

ಬಸ್ ನಿಲ್ಲುವಲ್ಲಿಗೆ ಇಬ್ಬರೂ ನಡೆದು ಬಂದರು. ಅವನು ಒಂದು ಮಾರು ಹಿಂದೆಯೇ ಉಳಿದಿದ್ದ.

“ನಿನ್ನ ಹತ್ರ ಎಂತದೂ ಕೇಳೋ ಮುಖ ಇಲ್ಲ ನಂಗೆ. ಆದ್ರೂ ಹೇಳ್ಬೇಕು... ನಂಗೆ ನೀನಂದ್ರೆ ಪ್ರಾಣ. ನೀನು ಕ್ಷಮಿಸದಿದ್ರೂ ಅಷ್ಟೇ.”

ಬಸ್ಸು ಬಂತು. ನಿಂತಿತು. ಕಂಡಕ್ಟರ್ ಎರಡು ಸಲ ಶಿಳ್ಳೆ ಹೊಡೆದ. ಅರ್ಪಿತಾ ಹತ್ತಲಿಲ್ಲ. ಬಸ್ಸು ಹೋಯಿತು.

“ಶಿವು... ಒಂದು ಗುಟ್ಟು ಹೇಳ್ಲಾ?”

ಅವನು ಗಾಬರಿಬಿದ್ದ. “ನಂಗಾ? ಬೇಡ ಮಾರಾಯ್ತಿ! ನಂಗೆ ಭಯ ಆಗತ್ತೆ.”

“ಭಯ ಆಗತ್ತಲ್ಲ, ಅದಕ್ಕೇ ಹೇಳ್ತಿರೋದು.”

ಅವನ ಕಿವಿಯ ಹತ್ತಿರ ಬಂದು ಹೇಳಿದಳು. ಏನು ಹೇಳಿದಳು ಎಂದು ನಾನು ಬರೆಯುವುದಿಲ್ಲ. ಯಾರಿಗೂ ಹೇಳಬಾರದು ಎಂದಿದ್ದಾಳೆ. ಕೇಳಿದವನ ಮುಖ ಮಾತ್ರ ಗಡ್ಡದೊಳಗೂ ಕೆಂಪಾಯಿತು.

“ಯಾರಿಗೂ ಹೇಳಲ್ಲ,” ಎಂದ, ಕೈ ಮುಗಿಯುವವನಂತೆ.

“ಒಬ್ಬರಿಗೆ ಹೇಳ್ಬಹುದು. ಅಪ್ಪನ ಹತ್ರ. ಭಾನುವಾರ ಮನೆಗೆ ಬಾ, ಮೊದ್ಲು ತಪ್ಪಾಯ್ತು ಅನ್ನು, ಆಮೇಲೆ ಹೇಳು. ಊಟಕ್ಕೆ ಹೋಳಿಗೆ ಮಾಡ್ತೀನಿ.”

“ನಂಗೂ ಕೊಡ್ತೀಯಾ? ಒಂದಾದ್ರೂ?”

ಅರ್ಪಿತಾ ಅವನ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡಳು.

“ಎರಡು ಕೊಡ್ತೀನಿ. ಈ ಸಲ ಸುಳ್ಳಲ್ಲ.”