ಬೆಳದಿಂಗಳಿಗೆ ಹೆದರದ ನಕ್ಷತ್ರ

ಅವಳು ಊದಿದ ಗಾಜಿನ ಗೋಳವನ್ನು ಅಂಗಡಿಗೆ ಬಂದ ಒಬ್ಬ ಗಂಡಸು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿ, ತುಂಬಾ ದುಂಡಗಿದೆ ಎಂದು ವಾಪಸ್ ಇಟ್ಟಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಕಲಿಸಿದ ವಿದ್ಯೆ, ಲಂಗ ತೊಡುವ ವಯಸ್ಸಿನಿಂದ ಊದುಕೊಳವೆ ಹಿಡಿದ ಕೈ. ಸೊಟ್ಟಗಿದೆ ಅಂದಿದ್ದರೆ ಕೇಳಿಸಿಕೊಳ್ಳಬಹುದಿತ್ತು. ದುಂಡಗಿರುವುದೂ ಒಂದು ತಪ್ಪೇ? ಗಿರಾಕಿ ಬೆಲೆ ಇಳಿಸಲು ಹೊಸ ದಾರಿ ಹುಡುಕಿದ್ದಾನೆ ಅಂದುಕೊಂಡಳು.

"ಚೌಕಾಸಿ ಇಲ್ಲಿ ನಡೆಯಲ್ಲ," ಅಂದಳು.

"ಚೌಕಾಸಿ ಅಲ್ಲ. ನನ್ನ ನಕ್ಷತ್ರ ಹೀಗಿಲ್ಲ, ಅಷ್ಟೇ."

ನನ್ನ ನಕ್ಷತ್ರವಂತೆ, ಅಜ್ಜ ಬಿಟ್ಟುಹೋದ ಆಸ್ತಿ ಅನ್ನುವ ಹಾಗೆ. ಗಲ್ಲಾ ಪಕ್ಕದಲ್ಲಿ ಕೂತಿದ್ದ ಸೋದರತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಡಿ, ಸ್ಟೂಲು ತೋರಿಸಿ ಕೂರಿಸಿದಳು. ಅತ್ತೆ ಯಾವ ಗಿರಾಕಿಯನ್ನೂ ಕೂರಿಸಿದವಳಲ್ಲ.

ಅವನು ವಿಜ್ಞಾನ ಮ್ಯೂಸಿಯಂನವನು. ಅಲ್ಲಿ ಹೊಸದಾಗಿ ತೆರೆಯಲಿರುವ ಸಭಾಂಗಣದ ನಡುವೆ ಒಂದು ನಕ್ಷತ್ರದ ಮಾದರಿ ತೂಗಬೇಕು, ಒಳಗೆ ದೀಪ ಉರಿಯಬೇಕು. ನಮ್ಮ ಸೂರ್ಯನ ಮೈ ಸುಮಾರು ಆರು ಸಾವಿರ ಡಿಗ್ರಿಯಾದರೆ ಇದರದು ಇಪ್ಪತ್ತು ಸಾವಿರ, ಅದಕ್ಕೇ ನೀಲಿ ಬೆರೆತ ಬಿಳಿ. ಕೆಂಪು ನಕ್ಷತ್ರಗಳೇ ತಣ್ಣಗಿನವು ಎಂದ. ಅದನ್ನು ಅವಳು ತಕ್ಷಣ ಒಪ್ಪಿದಳು. ಕುಲುಮೆಯಲ್ಲೂ ಕೆಂಪು ಗಾಜು ಎಂದರೆ ಆರುತ್ತಿರುವ ಗಾಜು. ಆಮೇಲೆ ಅವನು ಎರಡೂ ಕೈ ಎತ್ತಿ ತೋರಿಸಿದ: ಈ ನಕ್ಷತ್ರ ತನ್ನ ಸುತ್ತ ತಾನೇ ಎಷ್ಟು ಜೋರಾಗಿ ತಿರುಗುತ್ತದೆಂದರೆ ಹೊಟ್ಟೆ ಉಬ್ಬಿ, ಮೇಲೆ ಕೆಳಗೆ ಚಪ್ಪಟೆಯಾಗಿದೆ. ಚಪ್ಪಟೆಯಾದ ಕಡೆ ಹೊಳಪು ಹೆಚ್ಚು, ಹೊಟ್ಟೆಯ ಕಡೆ ಸ್ವಲ್ಪ ಮಂಕು.

ಇಷ್ಟು ಉರಿದರೆ ಎಷ್ಟು ದಿನ ಬಾಳೀತು ಎಂದು ಅತ್ತೆ ಕೇಳಿದಳು. ಸೂರ್ಯನಷ್ಟು ಬಾಳುವುದಿಲ್ಲ, ಕೆಲವು ಕೋಟಿ ವರ್ಷ ಅಷ್ಟೇ ಎಂದು ಅವನು ಬೇಸರದಿಂದ ಹೇಳಿದ. ನಮಗೆ ಅಷ್ಟು ಸಾಕು ಬಿಡಿ ಎಂದು ಅತ್ತೆ ಚಹಾ ತರಲು ಒಳಗೆ ಹೋದಳು. ಅವನಿಗೆ ನಕ್ಷತ್ರದ ಮೇಷ್ಟ್ರು ಎಂಬ ಹೆಸರು ಬಿದ್ದದ್ದು ಅವತ್ತೇ.

ಮೇಷ್ಟ್ರು ದಿನಾ ಸಂಜೆ ಬರತೊಡಗಿದರು. ಚಪ್ಪಟೆಯಾಗಲೆಂದು ಅವಳು ಬಿಸಿ ಗಾಜನ್ನು ಮರದ ಹಲಗೆಯಿಂದ ಒತ್ತಿ ನೋಡಿದಳು, ಒತ್ತಿದ ಗುರುತು ಉಳಿಯಿತು. ಅವರು ಮುಖ ಸಣ್ಣದು ಮಾಡಿಕೊಂಡು, ಚೆನ್ನಾಗೇ ಇದೆ ಅನ್ನುತ್ತಿದ್ದರು. ಆ ಸುಳ್ಳು ಅವಳಿಗೆ ಇಷ್ಟವಾಯಿತು. ಸುಳ್ಳು ಹೇಳುವಾಗ ಅವರ ಕಿವಿ ಕೆಂಪಾಗುವುದು ಇನ್ನೂ ಇಷ್ಟವಾಯಿತು. ಸಂಜೆಯಾಗುತ್ತಲೇ ಕೆನ್ನೆಯ ಮಸಿ ಒರೆಸಿಕೊಳ್ಳುತ್ತಿದ್ದೇನೆ ಎಂಬುದು ಒಂದು ದಿನ ಅವಳಿಗೇ ಗೊತ್ತಾಯಿತು. ಪ್ರೀತಿಯೇ ಇದು, ಇನ್ನೇನು ಎಂದುಕೊಂಡು ಕೆಲಸ ಮುಂದುವರಿಸಿದಳು.

ತೊಡಕು ಒಂದೇ. ಗಾಜಿನ ಕುಲುಮೆಯನ್ನು ಆರಿಸುವಂತಿಲ್ಲ, ಹಗಲೂ ರಾತ್ರಿಯೂ ಉರಿಯುತ್ತಲೇ ಇರಬೇಕು. ಅವಳನ್ನು ನೋಡಲು ಬಂದ ಮೂರು ಗಂಡುಗಳೂ ಬೆಣ್ಣೆಯಂಥ ಮಾತಿನಲ್ಲಿ, ಮದುವೆ ಆದಮೇಲೆ ಈ ಬೆಂಕಿಯ ಸಹವಾಸ ಯಾಕೆ ಅಂದಿದ್ದರು. ಮೂವರನ್ನೂ ಅವಳು ಬಾಗಿಲವರೆಗೆ ಹೋಗಿ ಕಳಿಸಿಕೊಟ್ಟಿದ್ದಳು. ಇದನ್ನು ಅತ್ತೆ ಹೇಳಿದಾಗ ಮೇಷ್ಟ್ರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಸಭಾಂಗಣ ತೆರೆದ ಕೂಡಲೇ ಅವರು ಹೊರಡುವವರು. ಬಸ್ಸಿನಲ್ಲಿ ಆರು ಗಂಟೆಯ ದೂರದ ಬೆಟ್ಟದ ಮೇಲೆ, ದೊಡ್ಡ ಟೆಲಿಸ್ಕೋಪ್ ಇರುವಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು.

ದಿನಾ ಕೊಳವೆ ಊದುತ್ತಿದ್ದ ಅತ್ತೆ ಕಣ್ಣು ತೋರಿಸಲು ಆಸ್ಪತ್ರೆಗೆ ಹೋದ ದಿನ ಊದುವವರು ಇರಲಿಲ್ಲ. ದೊಡ್ಡ ಗೋಳಕ್ಕೆ ಇಬ್ಬರು ಬೇಕು. ಒಬ್ಬರು ಕೂತು ಕೊಳವೆ ತಿರುಗಿಸುತ್ತಿದ್ದರೆ ಇನ್ನೊಬ್ಬರು ತುದಿಯಿಂದ ಊದಬೇಕು. ಅವಳು ಮೇಷ್ಟ್ರಿಗೆ ಅಂಗಿಯ ತೋಳು ಮಡಚಿಕೊಳ್ಳಲು ಹೇಳಿದಳು. ಅವರು ಮಂಡಿಯೂರಿ ಕೊಳವೆಗೆ ಬಾಯಿ ಕೊಟ್ಟರು.

ಹಿಂದಿನ ರಾತ್ರಿ ಅವಳಿಗೆ ಒಂದು ವಿಚಾರ ಹೊಳೆದಿತ್ತು. ನಕ್ಷತ್ರವನ್ನು ಯಾರೂ ಹಲಗೆಯಿಂದ ಒತ್ತಿಲ್ಲವಲ್ಲ. ಈಗ, ಅಪ್ಪ ಕಂಡಿದ್ದರೆ ಬೈಯುವಷ್ಟು ಜೋರಾಗಿ ಕೊಳವೆಯನ್ನು ತಿರುಗಿಸಿದಳು. ಬಿಸಿ ಗಾಜು ತಾನಾಗಿಯೇ ನಡುವಿನಲ್ಲಿ ಹರಡಿಕೊಂಡಿತು, ಎರಡೂ ತುದಿ ತಗ್ಗಿದವು. ಒಂದು ಗುರುತಿಲ್ಲ, ಒಂದು ಕಲೆಯಿಲ್ಲ. ಸಂತೋಷದಿಂದ ತಲೆ ಎತ್ತಿದರೆ, ಕೆನ್ನೆ ಉಬ್ಬಿಸಿಕೊಂಡ ಮೇಷ್ಟ್ರು ಗೋಳದ ಕಡೆ ಕಣ್ಣೇ ಹಾಯಿಸದೆ ಅವಳ ಮುಖವನ್ನೇ ನೋಡುತ್ತಿದ್ದರು.

"ಗಾಜು ನೋಡಿ, ಮೇಷ್ಟ್ರೇ."

ಅವರು ಕೊಳವೆಯಿಂದ ಬಾಯಿ ತೆಗೆದರು. "ನೋಡ್ತಾ ಇದೀನಲ್ಲ."

"ಗಾಜು ಅಂದೆ."

ಅವಳ ಎದೆ ಡವಡವ ಹೊಡೆದುಕೊಂಡರೂ ಕೈ ಮಾತ್ರ ಒಂದು ಸುತ್ತೂ ತಪ್ಪಲಿಲ್ಲ. ಅದರ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು.

ಗೋಳ ಕುಲುಮೆ ಪಕ್ಕದ ಬೆಚ್ಚನೆಯ ಗೂಡಿನಲ್ಲಿ ನಿಧಾನವಾಗಿ ಆರಿ, ಮರುದಿನ ಸಂಜೆ ಪೆಟ್ಟಿಗೆ ಸೇರಿತು. ಮೇಷ್ಟ್ರು ಪೆಟ್ಟಿಗೆ ಎತ್ತಿಕೊಂಡರು, ಉಪಕಾರವಾಯಿತು ಅಂದರು, ಸೋಮವಾರ ಹೊರಡುತ್ತೇನೆ ಅಂದರು. ಅಂದವರು ಹೊಸ್ತಿಲು ದಾಟಲಿಲ್ಲ. ಇನ್ನೇನೋ ಹೇಳುವುದು ಉಳಿದಿದೆಯಲ್ಲ ಎಂದು ಅವಳೇ ಕೇಳಿದಳು.

"ಇದೆ, ಆದ್ರೆ ಕೇಳಲ್ಲ," ಎಂದರು ಅವರು, ಪೆಟ್ಟಿಗೆ ನೋಡುತ್ತ. "ಕುಲುಮೆ ಬಿಟ್ಟು ಬಾ ಅನ್ನೋ ನಾಲ್ಕನೆಯವನು ನಾನಾಗಲ್ಲ."

ಅವಳಿಗೆ ಕುಣಿಯಬೇಕು ಅನಿಸುವಷ್ಟು ಖುಷಿಯಾಯಿತು. ಅಷ್ಟೇ ಸಿಟ್ಟೂ ಬಂತು.

"ಬೇಡ ಅನ್ನೋದು ನನ್ನ ಕೆಲಸ, ಮೇಷ್ಟ್ರೇ. ಅದನ್ನೂ ನೀವೇ ಮಾಡಿಬಿಟ್ರೆ ಹೇಗೆ?"

ಬೆಟ್ಟದ ಮೇಲೆ ದಿನಾ ರಾತ್ರಿ ಕೆಲಸ ಇರುತ್ತದಾ ಎಂದು ಅವಳು ವಿಚಾರಿಸಿದಳು. ಇಲ್ಲವಂತೆ. ಟೆಲಿಸ್ಕೋಪಿಗೆ ಬಹಳ ಜನ, ರಾತ್ರಿಗಳನ್ನು ಹಂಚಿಕೊಳ್ಳುತ್ತಾರಂತೆ. ಕತ್ತಲ ರಾತ್ರಿಗಳಿಗೆ ಎಲ್ಲರೂ ಮುಗಿಬೀಳುತ್ತಾರೆ, ಯಾಕೆಂದರೆ ಮಂಕು ನಕ್ಷತ್ರಗಳು ಬೆಳದಿಂಗಳಲ್ಲಿ ಮುಳುಗಿಹೋಗುತ್ತವೆ.

"ನಿಮ್ಮದು?"

"ನನ್ನದು ಸಾವಿರ ಸೂರ್ಯರಷ್ಟು ಬೆಳಗುತ್ತೆ. ಹುಣ್ಣಿಮೆ ದಿನವೂ ಬರಿಗಣ್ಣಿಗೇ ಕಾಣುತ್ತೆ. ಅದಕ್ಕೇ ಯಾರಿಗೂ ಬೇಡದ ಬೆಳದಿಂಗಳ ರಾತ್ರಿಗಳೆಲ್ಲ ನನ್ನ ತಲೆಗೆ."

"ಕತ್ತಲ ರಾತ್ರಿಗಳಲ್ಲಿ?"

"ಬರೆಯೋದು, ಲೆಕ್ಕ ಹಾಕೋದು. ಅಲ್ಲೇ ಕೂತಿರ್ತೀನಿ."

"ಅಲ್ಲೇ ಯಾಕೆ? ಬಸ್ ಇಲ್ವಾ?"

ಇಪ್ಪತ್ತು ಸಾವಿರ ಡಿಗ್ರಿ ಅಳೆಯುವ ಮೇಷ್ಟ್ರ ಬುದ್ಧಿಗೆ ಇಷ್ಟು ಹೊಳೆಯಲು ಇಷ್ಟು ಹೊತ್ತು ಹಿಡಿಯಿತು. ಅವಳು ಪೆಟ್ಟಿಗೆಯನ್ನು ಅವರ ಕೈಯಿಂದ ಇಸಿದುಕೊಂಡು ಮೇಜಿನ ಮೇಲಿಟ್ಟಳು. ಈಗ ಕೇಳಿ ಅಂದಳು.

"ತಿಂಗಳಲ್ಲಿ ಅರ್ಧ ಗಂಡ ಆದ್ರೆ ಸಾಕಾ ನಿಮಗೆ?"

"ಅರ್ಧ ಯಾಕೆ? ದೂರ ಇದ್ದಾಗಲೂ ನನ್ನೋರೇ ಅಲ್ವಾ. ಮದುವೆ ಆಗ್ತೀನಿ."

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ ಹೊರಗೆ ಬಂದಳು. ಬೆಳದಿಂಗಳಾದರೆ ಬೆಟ್ಟ, ಅಮಾವಾಸ್ಯೆಗೆ ಹೆಂಡತಿ, ಇದ್ಯಾವ ಸೀಮೆಯ ಸಂಸಾರ ಎಂದು ಗೊಣಗಿದಳು. ಗೊಣಗುತ್ತಲೇ ಕ್ಯಾಲೆಂಡರಿನ ಹಾಳೆ ಮಗುಚಿ, ಮುಂದಿನ ಅಮಾವಾಸ್ಯೆ ಯಾವತ್ತು ಎಂದು ಹುಡುಕತೊಡಗಿದಳು.

"ಬರೋ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರ," ಎಂದರು ಮೇಷ್ಟ್ರು, ಕ್ಯಾಲೆಂಡರಿನ ಕಡೆ ತಿರುಗದೆ. ಅವಳು ಅವರ ಕೈ ಹಿಡಿದುಕೊಂಡಿದ್ದಳು, ಅತ್ತೆ ನೋಡುತ್ತಿದ್ದರೂ ಬಿಡಲಿಲ್ಲ.