ರಾಗಿ ಹುಲ್ಲಿನ ಮೇಲೆ ಲ್ಯಾಂಡಿಂಗ್

ರಿವಾಲ್ವರ್ ನನ್ನ ಹಣೆಗೆ ನೇರವಾಗಿತ್ತು.

ಬೆನ್ನ ಹಿಂದೆ ಮುರಿದ ವಿಮಾನದ ರೆಕ್ಕೆ. ಅದರಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು... ಟಪ್... ಟಪ್... ಕಾಲ ಕೆಳಗಿನ ರಾಗಿ ಹುಲ್ಲೆಲ್ಲ ನೆನೆದಿತ್ತು.

"ರಿಪೋರ್ಟ್ ಬರೀರಿ ಮಿಸ್ಟರ್," ಎಂದ ಆದಿನಾರಾಯಣ. "ತಪ್ಪು ರೈತನದು. ಮುಗೀತು!"

ಬೆಂಗಳೂರಿನ ಕಂಟ್ರಾಕ್ಟರ್ ಅವನು. ವಿಮಾನ ಅವನದೇ, ಓಡಿಸಿದವನೂ ಅವನೇ. ಹಳೇ ವಿಮಾನ... ಹೊಸ ಇನ್ಶೂರೆನ್ಸ್! ನಾನು ಇನ್ಶೂರೆನ್ಸ್ ಕಂಪನಿಯ ಕಡೆಯವನು. ಅನುಮಾನ ಪಡುವುದಕ್ಕೇ ನನಗೆ ಸಂಬಳ.

ಅರವತ್ತೆರಡರ ಸಂಕ್ರಾಂತಿ ಸಮಯ, ಕೇಳಿ. ಅವನ ಕತೆ ಸರಳ. ಹಿಂದಿನ ದಿನ ಕ್ಯಾಸಂಬಳ್ಳಿ ಆಚೆಯ ಈ ಬಯಲಿಗೆ ವಿಮಾನ ಇಳಿಸಿದನಂತೆ. ಬಚ್ಚಪ್ಪ ಎಂಬ ರೈತ ಇಲ್ಲಿ ರಾಗಿ ಹರಡಿ ಕಣ ಮಾಡಿದ್ದನಂತೆ. ಚಕ್ರ ಜಾರಿತಂತೆ. ಮೂತಿ ನೆಲಕ್ಕೆ ಬಡಿಯಿತಂತೆ. ವರ್ಷ ವರ್ಷ ಬಚ್ಚಪ್ಪ ರಾಗಿ ಒಕ್ಕುವುದು ಇಲ್ಲೇ ಎಂದು ಊರಿಗೆಲ್ಲ ಗೊತ್ತು. ಈಗ ಅವನು ಬಂಗಾರಪೇಟೆ ಲಾಕಪ್ಪಿನಲ್ಲಿ. ನಾನು ಹೂಂ ಅಂದರೆ ಜೈಲು ಗ್ಯಾರಂಟಿ!

ಆದರೆ ನನಗೆ ಅನುಮಾನ ಹುಟ್ಟಿದ್ದು ನನ್ನ ಬೂಟಿನಿಂದ.

ಸ್ವಲ್ಪ ಹೊತ್ತಿನ ಮುಂಚೆ ಬೂಟು ಹಾಕಿಕೊಂಡೇ ಆ ಹುಲ್ಲು ತುಳಿದುಕೊಂಡು ಬಂದಿದ್ದೆ. ಬಚ್ಚಪ್ಪನ ಹೆಂಡತಿ ಕದಿರಮ್ಮ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ತುಟಿ ಬಿಚ್ಚಲಿಲ್ಲ. ಮೆಟ್ಟು ಹಾಕಿಕೊಂಡು ಕಣಕ್ಕೆ ಕಾಲಿಟ್ಟರೆ ಈ ಸೀಮೆಯ ಹೆಂಗಸರು ಅಮಲ್ದಾರನನ್ನೂ ಬಿಡುವುದಿಲ್ಲ!

"ಬೂಟು ಬಿಚ್ಚು ಅಂತ ಯಾಕಮ್ಮ ಬೈಲಿಲ್ಲ?"

"ಇದೇನು ಕಣಾನಾ ಸಾಮಿ? ಸಗಣಿ ಸಾರ್ಸಿಲ್ಲ, ಪೂಜೆ ಮಾಡಿಲ್ಲ. ನಮ್ ರಾಗಿ ಇನ್ನೂ ಒಕ್ಕಿಲ್ಲ, ಮೆದೇಲೇ ಐತೆ, ಬಂದ್ ನೋಡಿ. ಯಾವನೋ ಉಲ್ಲು ತಂದು ಸುರ್ದವ್ನೆ."

"ಪೊಲೀಸರಿಗೆ ಹೇಳಲಿಲ್ವಾ?"

"ಏಳಾಕೆ ಬಿಟ್ರೆ ತಾನೆ!"

ರೆಕ್ಕೆಯ ಕೆಳಗೆ ಬಗ್ಗಿ ಒಂದು ಹಿಡಿ ಹುಲ್ಲು ಎತ್ತಿದೆ. ತೆನೆಯೇ ಇಲ್ಲ! ಆಗಲೇ ಒಕ್ಕಿ ಮುಗಿದ ಬರೀ ಹುಲ್ಲು. ಅದನ್ನು ಮತ್ತೆ ಒಕ್ಕಲು ಹರಡುವ ರೈತ ಇನ್ನೂ ಹುಟ್ಟಿಲ್ಲ. ಕೊಂಡು ತಂದು ಹರಡುವ ಕಂಟ್ರಾಕ್ಟರ್ ಹುಟ್ಟಿದ್ದ.

ತಲೆಯೆತ್ತಿದೆ... ಎದುರಿಗೇ ರಿವಾಲ್ವರ್!

"ಬರೀತೀರೋ, ಇಲ್ವೋ?"

"ಹೊಡಿ," ಎಂದೆ. "ಒಂದು ಕಿಡಿ ಸಾಕು. ನೀನೂ ಪೆಟ್ರೋಲಿನಲ್ಲೇ ನಿಂತಿದ್ದೀಯ."

ಅವನ ಕಣ್ಣು ಕೆಳಗೆ ಹೋಯಿತು. ನನ್ನ ಮುಷ್ಟಿ ಮೇಲೆ ಹೋಯಿತು.

ಬಿದ್ದ. ರಿವಾಲ್ವರ್ ಬಿಟ್ಟು ಎದ್ದ. ಓಡಿದ! ಬದುವಿನ ಹತ್ತಿರ ಕದಿರಮ್ಮ ಕಾಲು ಅಡ್ಡ ಕೊಟ್ಟಳು. ಮತ್ತೆ ಬಿದ್ದ.

"ಬಿದ್ಯಾ ನನ್ ಮಗ್ನೆ? ಇದುನ್ನೂ ನನ್ ಗಂಡುನ್ ಮ್ಯಾಲೇ ಆಕ್ಲಾ!"

ಸಂಜೆ ಬಂಗಾರಪೇಟೆ ಠಾಣೆ. ಇನ್ಸ್‌ಪೆಕ್ಟರ್ ನನ್ನ ಕೈಲಿದ್ದ ಹುಲ್ಲು ನೋಡಿದ. ಕಂಟ್ರಾಕ್ಟರನ ಕೈಕಟ್ಟಿದ ಹಗ್ಗ ನೋಡಿದ. ಲಾಕಪ್ಪಿನ ಬೀಗ ತೆಗೆಸಿದ.

ಬಚ್ಚಪ್ಪ ಬಾಯಿಗೆ ಟವೆಲು ಒತ್ತಿಕೊಂಡು ಹೊರಗೆ ಬಂದ. ಟವೆಲು ಕೆಂಪಗಿತ್ತು.

"ಏನೋ ತಪ್ಪು ತಿಳುವಳಿಕೆ," ಎಂದ ಇನ್ಸ್‌ಪೆಕ್ಟರ್. "ಮನೆಗೆ ಹೋಗಯ್ಯ."

ವಿಮಾನಕ್ಕೆ ಇನ್ಶೂರೆನ್ಸ್ ಇತ್ತು. ಬಚ್ಚಪ್ಪನ ಮುಂದಿನ ಹಲ್ಲುಗಳಿಗೆ ಇರಲಿಲ್ಲ!