ಹೊಳಪಿಲ್ಲದ ಚಾಕೊಲೇಟ್

ತುಂಡು ನಾಲಿಗೆಯ ಮೇಲೆ ಕರಗಿದ್ದೇ ತಡ, ಸ್ವರ್ಣಲತಾ ಬೆಚ್ಚಿಬಿದ್ದಳು. ಇದು ತಾನು ಮಾಡಿದ್ದಲ್ಲ!

ಇನ್ನೊಂದು ಪೊಟ್ಟಣ ಬಿಚ್ಚಿದಳು. ಮತ್ತೊಂದು. ಎಲ್ಲವೂ ಅದೇ ರುಚಿ — ಅಸಲಿ ಕೋಕೋ!

ಪರದೇಶದ ಸೌತ್‌ಹಾಲ್‌ನ ಬಾಡಿಗೆ ಕೋಣೆಯಲ್ಲಿ ವರ್ಷಗಟ್ಟಲೆ ಒದ್ದಾಡಿ, ಹಲಸಿನ ಬೀಜವನ್ನು ಹುದುಗಿಸಿ, ಹುರಿದು, ಅರೆದು ಅವಳು ಚಾಕೊಲೇಟ್ ಮಾಡಿದ್ದಳು — ಚಿಟಿಕೆ ಕೋಕೋ ಇಲ್ಲದೆ. ಕೋಕೋ ಗಿಡಗಳು ರೋಗಕ್ಕೂ ಬಿಸಿಲಿಗೂ ಸೋಲುತ್ತಿವೆ, ಅದನ್ನು ಬೆಳೆಯಲು ಕಾಡು ಕಡಿಯುತ್ತಿದ್ದಾರೆ. ಮುಂದೇನು ಎಂಬ ಚಿಂತೆ 2018ರ ಆ ಬೇಸಗೆಯಲ್ಲಿ ವ್ಯಾಪಾರಿಗಳಿಗೂ ಹತ್ತಿತ್ತು. ದೊಡ್ಡ ಅಂಗಡಿಯೊಂದರಿಂದ ಖರೀದಿಯ ಅಧಿಕಾರಿ ಅಂದು ಮಧ್ಯಾಹ್ನ ರುಚಿ ನೋಡಲು ಬರುವವಳಿದ್ದಳು. ಆಕೆ ಇದನ್ನು ಪರೀಕ್ಷೆಗೆಂದು ಲ್ಯಾಬಿಗೆ ಕಳಿಸಿದ್ದರೆ? ಮೋಸಗಾತಿ ಎಂಬ ಹೆಸರು ಜನ್ಮಕ್ಕಂಟುತ್ತಿತ್ತು.

ಫೋನ್ ಮಾಡಿದ್ದೇ, ಹತ್ತಿರದ ಪಿನ್ನರ್‌ನಿಂದ ಡಾಕ್ಟರ್ ವತ್ಸಲಾ ಓಡಿಬಂದರು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದ ಧಾರವಾಡದ ಹೆಂಗಸು. ಪರಿಚಿತರ ಮನೆಯ ಕಳವು, ಕಿತಾಪತಿಗಳನ್ನೆಲ್ಲ ಬಿಡಿಸಿಕೊಟ್ಟವರು.

"ಕೀಲಿ ಯಾರ್ ಯಾರ ಹತ್ರ ಅದಾವ?"

"ನನ್ನ ಹತ್ರ. ಪಾರ್ಟ್‌ನರ್ ತೃಷಾ ಹತ್ರ. ಅಚ್ಚು, ಪ್ಯಾಕಿಂಗ್ ನೋಡ್ಕೊಳ್ಳೋ ಲೋಕೇಶನ ಹತ್ರ. ಮತ್ತೆ ಇಲ್ಲೇ ಬ್ರಾಡ್‌ವೇ ರಸ್ತೆಯಲ್ಲಿ ಹೋಟೆಲ್ ನಡೆಸ್ತಾನಲ್ಲ, ನನ್ನ ತಮ್ಮ ಸಂಪತ್, ಅವನ ಹತ್ರ."

"ಅನುಮಾನ?"

"ತೃಷಾ," ಎಂದಳು ಸ್ವರ್ಣಲತಾ. "ದೊಡ್ಡ ಚಾಕೊಲೇಟ್ ಕಂಪನಿ ಅವಳನ್ನ ಕೆಲಸಕ್ಕೆ ಕರೆದಿದೆ. ಅದಕ್ಕೇ ಜಗಳ ಆಗಿತ್ತು."

ಮಾತು ಬಾಗಿಲಲ್ಲಿ ನಿಂತಿದ್ದ ತೃಷಾಳ ಕಿವಿಗೆ ಬಿತ್ತು. "ನಾನಾ? ಆ ಆಫರ್ ಬೇಡ ಅಂದುಬಿಟ್ಟೆ, ಸ್ವರ್ಣಾ. ನೀನು ಕೇಳಿದ್ದರೆ ತಾನೆ!"

ಹಿಂದೆಯೇ ಲೋಕೇಶ, ಸಂಪತ್ ಬಂದರು. ವಿಷಯ ತಿಳಿದು ಲೋಕೇಶ ಬೆವರಿದ. "ನಿನ್ನೆ ನಾನೇ ಸುತ್ತಿ ಫ್ರಿಜ್ಜಲ್ಲಿಟ್ಟು ಹೋದೆ ಮೇಡಂ. ಆಮೇಲೆ ಈ ಕಡೆ ಬಂದಿಲ್ಲ."

ಸಂಪತ್ ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ತಿರುಗುತ್ತಿದ್ದ.

ವತ್ಸಲಾ ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಳಿಕ ಕಪಾಟಿನಿಂದ ಅಚ್ಚು ತೆಗೆದು ಬಗ್ಗಿಸಿದರು — ಟಪ್ಪನೆ ನೀರಿನ ಹನಿಯೊಂದು ಉದುರಿತು.

"ನೀ ಬರೇ ರುಚಿ ನೋಡಿದಿ, ಸ್ವರ್ಣಾ. ಮೈ ನೋಡಲಿಲ್ಲ. ಹೊಳಪಿಲ್ಲ, ಮ್ಯಾಲೆ ಬಿಳೀ ಮಚ್ಚಿ. ಅಂದ್ರ ಅಂಗಡ್ಯಾಗಿನ ಚಾಕೊಲೇಟ್ ಕರಗಿಸಿ, ಕಾಸಿ ಆರಿಸೋ ಹದ ಗೊತ್ತಿಲ್ಲದವ್ರು ಸುರದಾರ. ಆ ಹದ ನಿನಗ ಕಲಿಸಿದಾಕಿನ ತೃಷಾ. ಆಕಿ ಹಿಂಗ ಮಾಡ್ತಿದ್ಲೇನು?"

"ಹಾಗಾದ್ರೆ ಲೋಕೇಶ—" ಎಂದಳು ಸ್ವರ್ಣಲತಾ.

"ಲೋಕೇಶಪ್ಪಾ, ಅಚ್ಚು ಹೆಂಗ ಸ್ವಚ್ಛ ಮಾಡ್ತೀ?"

"ಹತ್ತಿಯಲ್ಲಿ ಒರೆಸ್ತೀನಿ ಮೇಡಂ. ನೀರು ಸೋಕಿಸೋದೇ ಇಲ್ಲ."

"ಈ ಅಚ್ಚು ನೀರಾಗ ತೊಳದದ್ದು. ಕಂಡ ಪಾತ್ರೀನೆಲ್ಲಾ ನಲ್ಲಿಗೆ ಹಿಡಿಯೋ ರೂಢಿ ಹೋಟೆಲ್‌ನವ್ರದು." ವತ್ಸಲಾ ತಿರುಗಿದರು. "ಹೌದಿಲ್ಲೋ ಸಂಪತ್?"

ಸಂಪತ್ ಗೋಡೆಗೊರಗಿದ. ಅವನ ಮಾತು ಊರಿನ ಕನ್ನಡಕ್ಕೆ ಹೊರಳಿತು.

"ನಂಗ್ ಹೆದ್ರಿಕಿ ಆಯ್ತ್ ಅಕ್ಕ. ಗಿರಾಕಿಗಳಿಗೆ ನಿನ್ ಚಾಕೊಲೇಟ್ ಕೊಟ್ಟಿದ್ದೆ. ಎಂತದೋ ವಾಸ್ನಿ ಅಂದ್ರ್. ನೀ ಕಷ್ಟಪಟ್ಟದ್ದೆಲ್ಲ ನೀರಲ್ ಹೋಮ ಆಪ್ದ್ ಬ್ಯಾಡ ಅಂದ್ಕಂಡ್ ರಾತ್ರಿ ಬದ್ಲ್ ಮಾಡ್ದೆ."

"ಇವತ್ತ್ ಆ ಅಧಿಕಾರಿ ಇದ್ನ ಮೆಚ್ಚಿ ಹೋದ್ರೆ, ನಾಳೆ ನಾ ಎಂತ ಕೊಡುದ್?"

ಸ್ವರ್ಣಲತಾ ಪೊಟ್ಟಣಗಳನ್ನು ಪಕ್ಕಕ್ಕೆ ಸರಿಸಿದಳು.

"ನನ್ನದ್ ಎಲ್ಲಿ?"

"ಹೋಟೆಲ್ ಫ್ರಿಜ್ಜಲ್ಲಿತ್ತ್. ಬಿಸಾಡೂಕೆ ಮನಸ್ ಬರ್ಲಿಲ್ಲ."

ಅವನು ಓಡಿದ. ಸ್ವರ್ಣಲತಾ ತೃಷಾಳತ್ತ ನೋಡಲಾರದೆ, "ತಪ್ಪಾಯ್ತು ಕಣೇ," ಎಂದಳು. ತೃಷಾ ಗ್ಲೌಸ್ ಹಾಕಿಕೊಂಡು ತಟ್ಟೆ ಒರೆಸತೊಡಗಿದಳು.

ಅಧಿಕಾರಿ ಬಂದಾಗ ಸ್ವರ್ಣಲತಾ ತಟ್ಟೆಯನ್ನು ತಮ್ಮನ ಕೈಗಿತ್ತಳು. "ನೀನೇ ಕೊಡ್. ಎಂತದ್ರಲ್ ಮಾಡಿದ್ದ್ ಅಂತ ಕೇಂಡ್ರೆ, ಬಾಯ್ ಬಿಟ್ಟ್ ಹೇಳ್."

ಆಕೆ ಕಚ್ಚಿದಳು. ಹುಬ್ಬು ಗಂಟಿಕ್ಕಿತು. "ಏನಿದು?"

ಸಂಪತ್ ತಟ್ಟೆಯನ್ನು ಮುಂದೆ ಹಿಡಿದ. "ಹಲಸಿನ ಬೀಜ."

ಆಕೆ ಇನ್ನೊಂದು ತುಂಡಿಗೆ ಕೈ ಚಾಚಿದಳು.